ಪುಟ್ಟ ಟ್ರಕ್ಕಿನ ಹದ

ಒಂದು ವಾಹನವನ್ನು ಎಲ್ಲ ಅಳತೆಗಳಲ್ಲಿಯೂ ಹತ್ತರಲ್ಲೊಂದು ಪಾಲಿಗೆ ಇಳಿಸಿ ಅದರ ಪ್ರತಿಕೃತಿಯನ್ನು ಮಾಡಿದೆವೆನ್ನೋಣ. ಉದ್ದ ಹತ್ತರಲ್ಲೊಂದು, ಅಗಲ ಹತ್ತರಲ್ಲೊಂದು, ಚಕ್ರದ ವ್ಯಾಸವೂ ಹತ್ತರಲ್ಲೊಂದು. ಹಾಗಾದರೆ ಅದರ ನಡತೆಯೂ ದೊಡ್ಡ ವಾಹನದ ನಡತೆಯಂತೆಯೇ ಇದ್ದೀತೆ? ಮೇಲುನೋಟಕ್ಕೆ ಇರಬೇಕೆಂದೇ ತೋರುವುದು, ಆದರೆ ಇರುವುದಿಲ್ಲ. ನಾವು ಲೋಹವನ್ನೂ ರಬ್ಬರನ್ನೂ ಹತ್ತರಲ್ಲೊಂದು ಅಳತೆಗೆ ಇಳಿಸಬಲ್ಲೆವು. ಭೂಮಿಯ ಗುರುತ್ವವನ್ನು ಇಳಿಸಲಾರೆವು. ಆಟದ ಸಾಮಾನಿನಂತೆ ಕಾಣುವ ರೇಡಿಯೊ ನಿಯಂತ್ರಿತ ಪಂದ್ಯದ ಟ್ರಕ್ಕನ್ನು ಹದಕ್ಕೆ ತರುವುದು ಬುದ್ಧಿಗೆ ಕೆಲಸ ಕೊಡುವ ವಿದ್ಯೆಯಾಗಿರುವುದಕ್ಕೆ ಈ ಒಂದು ಸಂಗತಿಯೇ ಬಹುಮಟ್ಟಿಗೆ ಕಾರಣ.

ಈ ಟ್ರಕ್ಕುಗಳ ತವರು ಅಮೆರಿಕ. ಅಲ್ಲಿಯವರಿಗೆ ಮರುಭೂಮಿಯ ಕಚ್ಚಾ ನೆಲದ ಮೇಲೆ ವಾಹನಗಳನ್ನು ಓಡಿಸುವ ಹುಚ್ಚು ಹಳೆಯದು. ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದಲ್ಲಿ ನಡೆಯುವ ಪ್ರಸಿದ್ಧ ಪಂದ್ಯವು ಮೊದಲಾದುದು ೧೯೬೭ರಲ್ಲಿ. ಮಿಕಿ ಥಾಂಪ್ಸನ್ ಎಂಬ ಸಾಹಸಿ ೧೯೭೯ರಲ್ಲಿ ಈ ಮರುಭೂಮಿಯನ್ನು ಊರೊಳಕ್ಕೇ ತಂದನು. ಲಾಸ್ ಏಂಜಲೀಸಿನ ಕೊಲಿಸಿಯಮ್ ಕ್ರೀಡಾಂಗಣದಲ್ಲಿ ಮಣ್ಣು ಸುರಿಸಿ, ದಿಬ್ಬಗಳನ್ನೂ ತಿರುವುಗಳನ್ನೂ ಕಟ್ಟಿಸಿ, ಜನರು ಕುಳಿತಲ್ಲಿಂದಲೇ ಇಡೀ ಓಟವನ್ನು ನೋಡುವಂತೆ ಮಾಡಿದನು. ಹೀಗೆ ಚಿಕ್ಕ ಸುತ್ತಿನಲ್ಲಿ ಓಡುವ ಟ್ರಕ್ಕುಗಳ ಪುಟ್ಟ ರೂಪವೇ ನಮ್ಮ ವಿಷಯ. ಟೆಕ್ಸಾಸಿನ ಟ್ರ್ಯಾಕ್ಸಸ್ ಸಂಸ್ಥೆ ೨೦೦೮ರಲ್ಲಿ ಸ್ಲ್ಯಾಶ್ ಎಂಬ ಹೆಸರಿನ ಮಾದರಿಯನ್ನು ಹೊರತಂದ ಮೇಲೆ ಇವು ಬಹು ಬೇಗ ಹಬ್ಬಿದುವು. ಮೊದಲು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಮೋಟಾರಿನ ಬಲ ಹರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ನಾಲ್ಕು ಚಕ್ರಗಳಿಗೂ ಬಲ ಹರಿಯುವ ಮಾದರಿಗಳು ಬಂದುವು. ಅಂಥದೊಂದು ಟ್ರಕ್ಕು ಸುಮಾರು ೫೫ ಸೆಂಟಿಮೀಟರು ಉದ್ದ, ೩೦ ಸೆಂಟಿಮೀಟರು ಅಗಲ. ಬ್ಯಾಟರಿ ಸೇರಿ ಎರಡೂವರೆ ಕಿಲೋಗ್ರಾಮಿನ ಆಸುಪಾಸು ತೂಗುವುದು.

ಗುರುತ್ವ ಇಳಿಯದಿರುವುದರಿಂದ ಏನಾಗುವುದೆಂಬುದನ್ನು ಮೊದಲು ನೋಡೋಣ. ದೊಡ್ಡ ಟ್ರಕ್ಕು ಹತ್ತು ಮೀಟರು ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ೧.೪ ಸೆಕೆಂಡು ಬೇಕು. ಪುಟ್ಟ ಟ್ರಕ್ಕಿಗೆ ಅದೇ ಪ್ರಮಾಣದ ಎತ್ತರವೆಂದರೆ ಒಂದು ಮೀಟರು. ಅಲ್ಲಿಂದ ಅದು ೦.೪೫ ಸೆಕೆಂಡಿನಲ್ಲಿ ಕೆಳಗಿರುವುದು. ಅಳತೆ ಹತ್ತು ಪಾಲು ಕುಗ್ಗಿದರೆ ಕಾಲ ಕುಗ್ಗುವುದು ಹತ್ತರ ವರ್ಗಮೂಲದಷ್ಟು, ಎಂದರೆ ೩.೧೬ ಪಾಲು. ಹಡಗುಗಳ ಚಿಕ್ಕ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದ ಇಂಗ್ಲೆಂಡಿನ ವಿಲಿಯಂ ಫ್ರೌಡ್ ೧೮೭೦ರ ದಶಕದಲ್ಲಿ ಬಳಕೆಗೆ ತಂದ ನಿಯಮವೂ ಇದೇ ಬಗೆಯದು. ಅದರ ಲೆಕ್ಕದಲ್ಲಿ, ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಓಡುವ ಪುಟ್ಟ ಟ್ರಕ್ಕು ದೊಡ್ಡದರ ೧೫೮ ಕಿಲೋಮೀಟರಿಗೆ ಸಮ! ಮಣ್ಣಿನ ದಾರಿಯಲ್ಲಿ ಅಷ್ಟು ವೇಗದಿಂದ ಕಡಿದಾದ ತಿರುವನ್ನು ಹೊಗುವ ಸಾಹಸವನ್ನು ದೊಡ್ಡ ಟ್ರಕ್ಕಿನ ಚಾಲಕನೂ ಮಾಡಲಾರ.

ಸ್ಪ್ರಿಂಗುಗಳ ಮಾತೂ ಹೀಗೆಯೇ. ವಾಹನವು ತನ್ನ ಭಾರದಿಂದಲೇ ಸ್ಪ್ರಿಂಗಿನ ಮೇಲೆ ಎಷ್ಟು ಕುಸಿದು ನಿಲ್ಲುವುದೋ ಅದರಿಂದ ಅದರ ತೂಗಾಟದ ವೇಗವನ್ನು ಹೇಳಬಹುದು. ಹತ್ತು ಸೆಂಟಿಮೀಟರು ಕುಸಿಯುವ ದೊಡ್ಡ ವಾಹನ ಸೆಕೆಂಡಿಗೆ ಸುಮಾರು ಒಂದೂವರೆ ಸಲ ಮೇಲೆ ಕೆಳಗೆ ತೂಗುವುದು. ಒಂದು ಸೆಂಟಿಮೀಟರು ಕುಸಿಯುವ ಪುಟ್ಟ ಟ್ರಕ್ಕು ಐದು ಸಲ ತೂಗುವುದು. ದೂರದ ಕಟ್ಟೆಯ ಮೇಲೆ ನಿಂತು ಕೈಪೆಟ್ಟಿಗೆಯಿಂದ ಅದನ್ನು ನಡೆಸುವವನ ಕಣ್ಣು ಈ ತೂಗಾಟವನ್ನು ಕಂಡು, ಮನಸ್ಸು ತೀರ್ಮಾನಿಸಿ, ಬೆರಳು ಅಲುಗುವುದರೊಳಗೆ ತೂಗಾಟ ಮುಗಿದೇ ಹೋಗಿರುವುದು. ಆದುದರಿಂದ ಟ್ರಕ್ಕು ತನ್ನನ್ನು ತಾನೇ ಸುಧಾರಿಸಿಕೊಳ್ಳುವಂತಿರಬೇಕು. ಅದನ್ನು ಹಾಗೆ ಸಿದ್ಧಗೊಳಿಸುವುದಕ್ಕೇ ಹದ ಮಾಡುವುದು ಎನ್ನುತ್ತೇವೆ.

ಇದರಿಂದ ಪಂದ್ಯದಲ್ಲಿ ಆಗುವ ಲಾಭ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ಅರ್ಹತೆಯ ಓಟ ಸಾಮಾನ್ಯವಾಗಿ ಐದು ನಿಮಿಷದ್ದು. ಒಂದು ಸುತ್ತಿಗೆ ೩೦ ಸೆಕೆಂಡಾದರೆ ಹತ್ತು ಸುತ್ತುಗಳಾದುವು. ಹದವನ್ನು ಚುರುಕುಗೊಳಿಸಿ ಸುತ್ತಿಗೆ ೦.೩ ಸೆಕೆಂಡು ಉಳಿಸಿದರೆ ಒಟ್ಟಿಗೆ ಮೂರು ಸೆಕೆಂಡಿನ ಲಾಭ. ಆದರೆ ಆ ಚುರುಕಿನಿಂದಲೇ ಟ್ರಕ್ಕು ಒಂದು ಸಲ ಮಗುಚಿತೆನ್ನಿ. ದಾರಿಯ ಬದಿಯಲ್ಲಿ ನಿಂತಿರುವ ಸಹಾಯಕನು ಓಡಿಬಂದು ಎತ್ತಿ ನಿಲ್ಲಿಸುವುದರೊಳಗೆ ಐದಾರು ಸೆಕೆಂಡು ಕಳೆಯುವುದು. ಉಳಿಸಿದ್ದೆಲ್ಲವೂ ಹೋಯಿತು, ಮೇಲೆ ಸಾಲವೂ ಆಯಿತು. ಅತಿ ವೇಗದ ಒಂದು ಸುತ್ತನ್ನು ಕಂಡು ಹಿಗ್ಗುವವರು ಹತ್ತೂ ಸುತ್ತುಗಳ ಸರಾಸರಿಯನ್ನು ನೋಡುವುದಿಲ್ಲವೆಂಬುದು ಈ ಆಟದ ಹೊಸಬರಲ್ಲಿ ಎಲ್ಲೆಲ್ಲೂ ಕಾಣುವ ದೋಷ.

ಹಾಗಾದರೆ ಟ್ರಕ್ಕು ಮಗುಚುವುದು ಏಕೆ? ತಿರುವಿನಲ್ಲಿ ಟಯರುಗಳು ನೆಲದ ಮಟ್ಟದಲ್ಲಿ ಒಳಕ್ಕೆ ಎಳೆಯುತ್ತವೆ. ನೆಲದಿಂದ ಮೇಲಿರುವ ಗುರುತ್ವಕೇಂದ್ರ ನೇರವಾಗಿ ಸಾಗಬೇಕೆನ್ನುವುದು. ಎಡ ಬಲ ಟಯರುಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ, ಗುರುತ್ವದ ಎಷ್ಟು ಪಾಲು ಅಡ್ಡ ಎಳೆತಕ್ಕೆ ಅದು ಮಗುಚುವುದೆಂಬುದು ತಿಳಿಯುವುದು. ಅರ್ಧ ಅಂತರ ೧೨.೫ ಸೆಂಟಿಮೀಟರು, ಎತ್ತರ ೭.೫ ಸೆಂಟಿಮೀಟರು ಎಂದಿಟ್ಟುಕೊಂಡರೆ ಉತ್ತರ ೧.೬೭. ಎತ್ತರವನ್ನು ಒಂದೇ ಒಂದು ಸೆಂಟಿಮೀಟರು ತಗ್ಗಿಸಿದರೆ ೧.೯೨. ಒಣಗಿದ ಧೂಳಿನ ನೆಲದಲ್ಲಿ ಟಯರಿಗೆ ಇಷ್ಟು ಹಿಡಿತವೇ ಸಿಕ್ಕುವುದಿಲ್ಲ. ಮಗುಚುವುದಕ್ಕೆ ಮೊದಲೇ ಟ್ರಕ್ಕು ಜಾರಿಬಿಡುವುದು. ತೇವವಿರುವ ಅಂಟುಮಣ್ಣಿನಲ್ಲಿ ಮೆತುರಬ್ಬರಿನ ಟಯರು ಕಚ್ಚಿ ಹಿಡಿಯುವುದು. ಅಲ್ಲಿ ಜಾರುವುದಕ್ಕೆ ಮೊದಲೇ ಮಗುಚುವುದು. ಒಂದು ನೆಲದಲ್ಲಿ ನಾವು ಹಿಡಿತವನ್ನು ಹುಡುಕಬೇಕು, ಇನ್ನೊಂದರಲ್ಲಿ ಹಿಡಿತಕ್ಕೆ ಹೆದರಬೇಕು. ಒಂದೇ ಹದ ಎರಡಕ್ಕೂ ಒಗ್ಗದಿರುವುದು ಇದರಿಂದ.

ಟಯರಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಉಳಿದುದೆಲ್ಲವೂ ಇದರ ಮೇಲೆಯೇ ನಿಂತಿದೆ. ಶಾಲೆಯ ಪುಸ್ತಕದಲ್ಲಿ ಘರ್ಷಣೆಯು ಹೊರೆಗೆ ಅನುಗುಣವಾದುದೆಂದು ಓದುತ್ತೇವೆ. ರಬ್ಬರು ಆ ನಿಯಮವನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಹೊರೆ ಹೆಚ್ಚಿದಂತೆ ಹಿಡಿತವೂ ಹೆಚ್ಚುವುದು ನಿಜ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ನಮ್ಮ ಟ್ರಕ್ಕಿನ ಒಂದೊಂದು ಚಕ್ರದ ಮೇಲೂ ಆರು ನ್ಯೂಟನ್ ಹೊರೆಯಿದ್ದು, ಆರು ನ್ಯೂಟನ್ ಹಿಡಿತ ಸಿಕ್ಕುತ್ತಿದೆಯೆಂದು ಭಾವಿಸೋಣ. ಮುಂದಿನ ಎರಡು ಚಕ್ರಗಳದು ಸೇರಿ ಹನ್ನೆರಡು. ತಿರುವಿನಲ್ಲಿ ಒಳಚಕ್ರದ ಹೊರೆ ಮೂರಕ್ಕೆ ಇಳಿದು, ಹೊರಚಕ್ರದ ಹೊರೆ ಒಂಬತ್ತಕ್ಕೆ ಏರಿತು. ಒಳಗಿನದು ೩.೩, ಹೊರಗಿನದು ೮ ಹಿಡಿತ ಕೊಟ್ಟಿತೆನ್ನಿ, ಮೊತ್ತ ೧೧.೩. ಹೊರೆಯ ಮೊತ್ತ ಬದಲಾಗಲಿಲ್ಲ, ಹಿಡಿತ ಮಾತ್ರ ಕಡಿಮೆಯಾಯಿತು. ಈ ಅಂಕಿಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ಆದರೆ ನಿಯಮ ನಿಜವಾದುದು. ಒಂದು ಜೊತೆ ಚಕ್ರಗಳಲ್ಲಿ ಹೊರೆಯು ಒಂದರಿಂದ ಇನ್ನೊಂದಕ್ಕೆ ಎಷ್ಟು ಹೆಚ್ಚಾಗಿ ಸರಿಯುವುದೋ ಆ ಜೊತೆಯ ಒಟ್ಟು ಹಿಡಿತ ಅಷ್ಟು ಕುಗ್ಗುವುದು.

ಸ್ಪ್ರಿಂಗನ್ನು ಗಡುಸು ಮಾಡಿದರೆ ಹೊರೆ ಸರಿಯುವುದು ತಪ್ಪುವುದೆಂದು ಅನೇಕರು ನಂಬಿದ್ದಾರೆ. ಅದು ಹಾಗಲ್ಲ. ಹೊರೆ ಒಟ್ಟಿಗೆ ಎಷ್ಟು ಸರಿಯುವುದೆಂಬುದು ಗುರುತ್ವಕೇಂದ್ರದ ಎತ್ತರ, ಚಕ್ರಗಳ ಅಂತರ, ತಿರುವಿನ ರಭಸ ಇವುಗಳಿಂದ ಬಹುಮಟ್ಟಿಗೆ ನಿಶ್ಚಿತವಾಗಿಬಿಡುವುದು. ಸ್ಪ್ರಿಂಗುಗಳೂ, ಎಡ ಬಲ ತೋಳುಗಳನ್ನು ಬಿಗಿದು ಓಲಾಟವನ್ನು ತಡೆಯುವ ತಂತಿಯೂ ನಿರ್ಧರಿಸುವುದು ಬೇರೊಂದನ್ನು: ಆ ಸರಿಯುವ ಹೊರೆಯಲ್ಲಿ ಮುಂದಿನ ಜೊತೆಯ ಪಾಲೆಷ್ಟು, ಹಿಂದಿನ ಜೊತೆಯ ಪಾಲೆಷ್ಟು ಎಂಬುದನ್ನು. ಮುಂದಿನ ಸ್ಪ್ರಿಂಗು ಗಡುಸಾದರೆ ಮುಂದೆ ಹೆಚ್ಚು ಸರಿಯುವುದು, ಮುಂದಿನ ಹಿಡಿತ ಕುಗ್ಗುವುದು, ಟ್ರಕ್ಕು ತಿರುಗಲೊಲ್ಲದೆ ನೇರಕ್ಕೆ ನುಗ್ಗುವುದು. ಹಿಂದಿನದು ಗಡುಸಾದರೆ ಹಿಂಭಾಗ ಹೊರಕ್ಕೆ ಬೀಸಿ ಟ್ರಕ್ಕು ಗಿರ್ರನೆ ತಿರುಗುವುದು. ಟ್ರಕ್ಕು ತಿರುಗುತ್ತಿಲ್ಲವೆಂದು ದೂರುವವನು ಮುಂದಿನ ತಂತಿಯನ್ನು ತೆಳ್ಳಗೆ ಮಾಡಲಿ, ಇಲ್ಲವೆ ಹಿಂದಿನದನ್ನು ದಪ್ಪ ಮಾಡಲಿ. ಎರಡನ್ನೂ ಒಟ್ಟಿಗೆ ದಪ್ಪ ಮಾಡಿದರೆ ಪಾಲು ಇದ್ದಂತೆಯೇ ಉಳಿಯುವುದು. ಓಲಾಟ ಕಡಿಮೆಯಾಗಿ ನೋಡುವುದಕ್ಕೆ ಚೆನ್ನಾಗಿರುವುದು, ಹಳ್ಳತಿಟ್ಟುಗಳಲ್ಲಿ ಮಾತ್ರ ಚಕ್ರಗಳು ನೆಲವನ್ನು ಬಿಟ್ಟು ಕುಪ್ಪಳಿಸುವುವು.

ಇನ್ನು ನಾಲ್ಕು ಚಕ್ರಗಳಿಗೂ ಬಲ ಹರಿಯುವ ಟ್ರಕ್ಕಿಗೇ ವಿಶೇಷವಾದ ವಿಷಯಕ್ಕೆ ಬರೋಣ. ನಮ್ಮ ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಉರುಳಿದರೂ ತೊಡಕಿಲ್ಲ. ಎಳೆಯುವ ಎತ್ತುಗಳು ಮುಂದಿವೆ, ಗಾಲಿಗೆ ಎಳೆಯುವ ಕೆಲಸವಿಲ್ಲ. ಗಾಲಿಯೇ ಎಳೆಯಬೇಕಾದಲ್ಲಿ ತೊಡಕು ಹುಟ್ಟುವುದು. ಎರಡಕ್ಕೂ ಬಲವನ್ನು ಹಂಚಬೇಕು, ಎರಡೂ ಬೇರೆ ವೇಗದಲ್ಲಿ ಉರುಳಲೂ ಬೇಕು. ಈ ಎರಡನ್ನೂ ಸಾಧಿಸುವ ಹಲ್ಲುಗಾಲಿಗಳ ಕೂಟಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ನಮ್ಮ ಟ್ರಕ್ಕಿನಲ್ಲಿ ಇಂಥವು ಮೂರು ಇರಬಹುದು: ಮುಂದಿನ ಜೊತೆಗೊಂದು, ಹಿಂದಿನ ಜೊತೆಗೊಂದು, ಇವೆರಡರ ನಡುವೆ ಬಲವನ್ನು ಹಂಚುವುದಕ್ಕೆ ಮಧ್ಯದಲ್ಲೊಂದು.

ಡಿಫರೆನ್ಷಿಯಲಿನ ದೌರ್ಬಲ್ಯವೊಂದುಂಟು. ಅದು ಎರಡು ಕಡೆಗೂ ಸಮನಾದ ತಿರುಚುಬಲವನ್ನು ಕೊಡುವುದು. ಒಂದು ಕಡೆಯ ಚಕ್ರ ಗಾಳಿಯಲ್ಲಿ ತೇಲಿದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ. ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಕ್ಕುವುದು. ಒಂದು ಚಕ್ರ ವ್ಯರ್ಥವಾಗಿ ಗರಗರನೆ ಸುತ್ತುತ್ತ, ಇನ್ನೊಂದು ಸುಮ್ಮನೆ ನಿಂತಿರುವುದು. ಇದನ್ನು ತಡೆಯಲು ಡಿಫರೆನ್ಷಿಯಲಿನ ಗೂಡಿನಲ್ಲಿ ಮಂದವಾದ ಸಿಲಿಕೋನ್ ಎಣ್ಣೆಯನ್ನು ತುಂಬುತ್ತಾರೆ. ಹಲ್ಲುಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಹೊರಟರೆ ಈ ಎಣ್ಣೆಯನ್ನು ಕಲಕಿಕೊಂಡೇ ತಿರುಗಬೇಕು. ವೇಗದ ಅಂತರ ಹೆಚ್ಚಿದಷ್ಟೂ ತಡೆ ಹೆಚ್ಚು. ಎಣ್ಣೆಯ ಸ್ನಿಗ್ಧತೆಯನ್ನು ಸೆಂಟಿಸ್ಟೋಕ್ ಎಂಬ ಮಾನದಿಂದ ಅಳೆಯುತ್ತಾರೆ. ೨೦ ಡಿಗ್ರಿ ಸೆಲ್ಸಿಯಸಿನಲ್ಲಿ ನೀರಿನದು ಸುಮಾರು ಒಂದು; ನಮ್ಮ ಮನೆಗಳ ಹರಳೆಣ್ಣೆಯದು ಸುಮಾರು ಸಾವಿರ. ಈ ಟ್ರಕ್ಕುಗಳಲ್ಲಿ ಮುಂದೆ ಐದು ಸಾವಿರ, ಮಧ್ಯದಲ್ಲಿ ಐದು ಸಾವಿರ, ಹಿಂದೆ ಮೂರು ಸಾವಿರ ಎಂಬುದು ಮೊದಲಿಗೆ ಹಿಡಿಯತಕ್ಕ ಒಂದು ರೂಢಿ. ಎಂದರೆ ಹರಳೆಣ್ಣೆಯ ಮೂರು ಪಾಲಿನಿಂದ ಐದು ಪಾಲಿನವರೆಗೆ ಮಂದ. ಸಿಲಿಕೋನ್ ಎಣ್ಣೆಯನ್ನೇ ಆರಿಸುವುದೇಕೆಂದರೆ, ಬಿಸಿಯೇರಿದಾಗ ಅದು ಇತರ ಎಣ್ಣೆಗಳಷ್ಟು ಬೇಗ ತೆಳ್ಳಗಾಗುವುದಿಲ್ಲ.

ಮೂರರಲ್ಲಿಯೂ ಮಧ್ಯದ ಎಣ್ಣೆಯೇ ಹೆಚ್ಚು ಕುತೂಹಲದ್ದೆಂದು ನಮಗೆ ತೋರುವುದು. ಟ್ರಕ್ಕು ಮುನ್ನುಗ್ಗಿದಾಗ ಹೊರೆ ಹಿಂದಕ್ಕೆ ವಾಲುವುದು. ಎಷ್ಟೆಂದು ಗುಣಿಸಿ ನೋಡಬಹುದು: ತೂಕ ಇಪ್ಪತ್ತನಾಲ್ಕೂವರೆ ನ್ಯೂಟನ್, ಗುರುತ್ವಕೇಂದ್ರದ ಎತ್ತರ ೭.೫ ಸೆಂಟಿಮೀಟರು, ಮುಂದಿನ ಹಿಂದಿನ ಅಚ್ಚುಗಳ ಅಂತರ ೩೩ ಸೆಂಟಿಮೀಟರು. ವೇಗೋತ್ಕರ್ಷ ಗುರುತ್ವದಷ್ಟೇ ಇದ್ದರೆ ಸುಮಾರು ಐದೂವರೆ ನ್ಯೂಟನ್ ಹೊರೆ ಮುಂದಿನಿಂದ ಹಿಂದಕ್ಕೆ ಹೋಗುವುದು. ಮುಂದಿನ ಜೊತೆಯ ಹೊರೆ ಅರ್ಧಕ್ಕೆ ಹತ್ತಿರ ಇಳಿಯಿತೆಂದಾಯಿತು. ಮಧ್ಯದ ಎಣ್ಣೆ ತೆಳ್ಳಗಿದ್ದರೆ ಬಲವೆಲ್ಲ ಸುಲಭದ ದಾರಿ ಹಿಡಿದು ಹಗುರಾದ ಮುಂದಿನ ಚಕ್ರಗಳಿಗೆ ಹರಿಯುವುದು. ಅವು ಹುಚ್ಚು ವೇಗದಿಂದ ಸುತ್ತಿ, ಟಯರುಗಳು ಹೊರಕ್ಕೆ ಉಬ್ಬಿ ಚಪಾತಿಯ ಅಂಚಿನಂತೆ ತೆಳ್ಳಗೆ ನಿಲ್ಲುವುದನ್ನು ಪಂದ್ಯಗಳಲ್ಲಿ ನೋಡಬಹುದು. ಹೊರಡುವಾಗ ಟ್ರಕ್ಕು ಸದ್ದು ಮಾಡುವುದೇ ಹೊರತು ಮುಂದೆ ಹೋಗುವುದಿಲ್ಲ. ಎಣ್ಣೆಯನ್ನು ಮಂದ ಮಾಡಿದರೆ ಹಿಂದಿನ ಚಕ್ರಗಳಿಗೂ ಪಾಲು ದೊರೆತು ಟ್ರಕ್ಕು ನೆಗೆಯುವುದು. ತೀರ ಮಂದ ಮಾಡಿದರೋ, ಮುಂದಿನವೂ ಹಿಂದಿನವೂ ಒಂದೇ ವೇಗದಲ್ಲಿ ಉರುಳಬೇಕಾಗಿ ಬಂದು ತಿರುವಿನಲ್ಲಿ ಟ್ರಕ್ಕು ಮೊಂಡಾಗುವುದು. ಮುಂದಿನ ಡಿಫರೆನ್ಷಿಯಲಿನ ಎಣ್ಣೆಗೂ ಇಂಥದೇ ಇಬ್ಬಗೆಯುಂಟು: ತೆಳ್ಳಗಿದ್ದರೆ ತಿರುವನ್ನು ಹೊಗುವಾಗ ಮೂತಿ ಚುರುಕಾಗಿ ಒಳಕ್ಕೆ ಹೊರಳುವುದು, ಮಂದವಾಗಿದ್ದರೆ ತಿರುವಿನಿಂದ ಹೊರಬರುವಾಗ ಮುಂದಿನ ಚಕ್ರಗಳೆರಡೂ ಒಗ್ಗಟ್ಟಾಗಿ ಎಳೆಯುವುವು. ಹೊಗುವಾಗಿನ ಸುಖವನ್ನೂ ಹೊರಡುವಾಗಿನ ಸುಖವನ್ನೂ ಒಟ್ಟಿಗೆ ಕೊಡುವ ಎಣ್ಣೆಯಿಲ್ಲ.

ಶಾಕ್ ಅಬ್ಸಾರ್ಬರುಗಳ ಒಳಗೂ ಸಿಲಿಕೋನ್ ಎಣ್ಣೆಯೇ ಇರುವುದು, ಆದರೆ ತೀರ ತೆಳ್ಳಗಿನದು. ಮೂರುನೂರು ನಾಲ್ಕುನೂರು ಸೆಂಟಿಸ್ಟೋಕಿನ ಆಸುಪಾಸು. ಸಣ್ಣ ತೂತುಗಳುಳ್ಳ ಬಿಲ್ಲೆಯೊಂದು ಆ ಎಣ್ಣೆಯಲ್ಲಿ ಮೇಲೆ ಕೆಳಗೆ ಚಲಿಸಿ ಸ್ಪ್ರಿಂಗಿನ ತೂಗಾಟವನ್ನು ಅಡಗಿಸುವುದು. ಇಲ್ಲಿ ತೂತಿನ ಗಾತ್ರಕ್ಕೂ ಎಣ್ಣೆಯ ಮಂದತೆಗೂ ಇರುವ ಭೇದವನ್ನು ತಿಳಿದವರು ಕಡಿಮೆ. ಬಾವಿಯ ನೀರಿಗೆ ಮೆಲ್ಲನೆ ಇಳಿದವನಿಗೆ ನೀರು ದಾರಿ ಬಿಡುವುದು. ಎತ್ತರದಿಂದ ಹೊಟ್ಟೆಯಡಿಯಾಗಿ ಬಿದ್ದವನಿಗೆ ಅದೇ ನೀರು ಕಲ್ಲಿನಂತೆ ಬಡಿಯುವುದು. ಬಿಲ್ಲೆಯೂ ಮೆಲ್ಲನೆ ಚಲಿಸುವಾಗ ಎಣ್ಣೆ ತೂತುಗಳಲ್ಲಿ ಸುಖವಾಗಿ ಹರಿಯುವುದು. ದಿಬ್ಬದಿಂದ ಹಾರಿ ಬಿದ್ದಾಗ ಬಿಲ್ಲೆ ರಭಸದಿಂದ ನುಗ್ಗಿ, ತೂತಿನಲ್ಲಿ ಎಣ್ಣೆ ಸುಳಿಗಟ್ಟಿ, ತಡೆ ಒಮ್ಮೆಲೇ ಏರುವುದು. ದೊಡ್ಡ ಹಾರುವಿಕೆಗಳಿರುವ ದಾರಿಗೆ ಸಣ್ಣ ತೂತು, ತೆಳ್ಳಗಿನ ಎಣ್ಣೆ; ಒರಟು ನೆಲದಲ್ಲಿ ಸಣ್ಣ ಕುಳಿಗಳೇ ಹೆಚ್ಚಿದ್ದರೆ ದೊಡ್ಡ ತೂತು, ಮಂದ ಎಣ್ಣೆ. ಹದ ಸರಿಯಾಗಿದೆಯೇ ಎಂದು ನೋಡಲು ಟ್ರಕ್ಕನ್ನು ಮೇಜಿನಿಂದ ಒಂದು ಗೇಣು ಎತ್ತಿ ಬಿಟ್ಟರೆ ಸಾಕು. ಅದು ಕುಸಿದು, ಒಮ್ಮೆ ಮೇಲೆದ್ದು, ತೂಗಾಡದೆ ನಿಲ್ಲಬೇಕು. ಮುಂಭಾಗವೂ ಹಿಂಭಾಗವೂ ಏಕಕಾಲಕ್ಕೆ ಏಳಬೇಕು.

ಚಕ್ರಗಳ ಓರೆಯ ವಿಷಯವನ್ನು ಬೇಗ ಮುಗಿಸಬಹುದು. ಚಕ್ರದ ತಲೆ ಒಂದೆರಡು ಡಿಗ್ರಿ ಒಳಕ್ಕೆ ಬಾಗಿದ್ದರೆ, ತಿರುವಿನಲ್ಲಿ ಟ್ರಕ್ಕು ಓಲಿದಾಗ ಹೊರಚಕ್ರದ ಟಯರು ಅಗಲವಾಗಿ ನೆಲಕ್ಕೆ ಕೂರುವುದು. ಹಿಂದಿನ ಚಕ್ರಗಳ ಮೂತಿಗಳು ಸುಮಾರು ಮೂರು ಡಿಗ್ರಿ ಒಳಮುಖವಾಗಿದ್ದರೆ ಹಿಂಭಾಗ ನೆಟ್ಟಗೆ ಹಿಂಬಾಲಿಸುವುದು. ತಿರುವಿನಲ್ಲಿ ಒಳಚಕ್ರವು ಹೊರಚಕ್ರಕ್ಕಿಂತ ಹೆಚ್ಚು ತಿರುಗಬೇಕೆಂಬ ಏರ್ಪಾಡಿಗೆ ಆಕರ್ಮನ್ ಎಂದು ಹೆಸರು. ಅದನ್ನು ಕುದುರೆಗಾಡಿಗಾಗಿ ೧೮೧೭ರಲ್ಲಿ ರೂಪಿಸಿದವನು ಮ್ಯೂನಿಕ್ಕಿನ ಲ್ಯಾಂಕೆನ್ಸ್‌ಪರ್ಗರ್. ಮರುವರ್ಷ ಲಂಡನ್ನಿನಲ್ಲಿ ಅವನ ಪರವಾಗಿ ಹಕ್ಕುಪತ್ರ ಪಡೆದ ಆಕರ್ಮನ್ನನ ಹೆಸರೇ ನಿಂತುಹೋಯಿತು. ದುಡಿದವನೊಬ್ಬ, ಹೆಸರಾದವನೊಬ್ಬ!

ಟ್ರಕ್ಕು ಗಾಳಿಯಲ್ಲಿರುವಾಗಲೂ ಅದರ ಮೇಲೆ ಹತೋಟಿಯಿಡಬಹುದೆಂದರೆ ವಾಚಕರಿಗೆ ಸೋಜಿಗವಾಗಬಹುದು. ನೆಲದ ಸಂಬಂಧ ತಪ್ಪಿದ ಮೇಲೆ ಟ್ರಕ್ಕಿನ ಒಟ್ಟು ಕೋನೀಯ ಸಂವೇಗ ಬದಲಾಗಲಾರದು. ಚಾಲಕನು ಮೋಟಾರಿನ ವೇಗವನ್ನು ಹೆಚ್ಚಿಸಿದರೆ ನಾಲ್ಕು ಚಕ್ರಗಳೂ ಮುಮ್ಮುಖವಾಗಿ ಹೆಚ್ಚು ರಭಸದಿಂದ ತಿರುಗುತ್ತವೆ. ಅದನ್ನು ಸರಿದೂಗಿಸಲು ಒಡಲು ಎದುರು ದಿಕ್ಕಿಗೆ ತಿರುಗಿ ಮೂತಿ ಮೇಲೇಳುವುದು. ಬ್ರೇಕು ಹಾಕಿದರೆ ಮೂತಿ ಇಳಿಯುವುದು. ನಾಲ್ಕೂ ಚಕ್ರಗಳು ಬಲಕ್ಕೆ ಒಳಗಾಗಿರುವುದರಿಂದ ಈ ಪರಿಣಾಮ ಎರಡು ಚಕ್ರದ ಟ್ರಕ್ಕಿಗಿಂತ ಇಲ್ಲಿ ಪ್ರಬಲ. ಇದಕ್ಕೆ ವಿಘ್ನ ತರುವುದು ಮೈಮೇಲಿನ ಕವಚ. ಪಾಲಿಕಾರ್ಬೊನೇಟಿನ ತೆಳು ಹಾಳೆಯಿಂದಾದ ಅಗಲವಾದ ಆ ಕವಚದ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಕೊಡೆಯಂತೆ ಮೂತಿಯನ್ನು ಎತ್ತುವುದು. ಹಿಂಭಾಗದಲ್ಲಿ ತೂತುಗಳನ್ನು ಕೊರೆದು ಗಾಳಿಗೆ ದಾರಿ ಮಾಡಿದರೆ ಒಂದು ಸ್ಪ್ರಿಂಗನ್ನೂ ಮುಟ್ಟದೆ ಅರ್ಧ ತೊಂದರೆ ನೀಗುವುದುಂಟು. ಕೊರೆಯುವುದಕ್ಕೆ ಮೊದಲು ಆಯಾ ಪಂದ್ಯದ ನಿಯಮವನ್ನು ಕೇಳಿಕೊಳ್ಳಬೇಕು.

ಹೆಸರಾಂತ ಚಾಲಕರು ತಮ್ಮ ಹದದ ಪಟ್ಟಿಯನ್ನು ಪ್ರಕಟಿಸುವ ಪದ್ಧತಿ ಇದೆ. ಎಣ್ಣೆ ಎಷ್ಟು, ಸ್ಪ್ರಿಂಗು ಯಾವುದು, ಓರೆ ಎಷ್ಟು ಡಿಗ್ರಿ ಎಲ್ಲವೂ ಅದರಲ್ಲಿ ಬರೆದಿರುವುದು. ಅದನ್ನು ಚಾಚೂ ತಪ್ಪದೆ ನಕಲು ಮಾಡುವುದು ಪರರ ಕನ್ನಡಕವನ್ನು ತೊಟ್ಟಂತೆ. ಆ ಪಟ್ಟಿ ಆ ದಿನದ ಆ ಮಣ್ಣಿಗೆ, ಆ ಟಯರಿಗೆ, ಆ ಬೆರಳುಗಳಿಗೆ ಹೊಂದಿದುದು. ತಯಾರಕರು ಕೈಪಿಡಿಯಲ್ಲಿ ಕೊಟ್ಟ ಹದದಿಂದ ಹೊರಟು, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಗೂ ಐದಾರು ಸುತ್ತು ಓಡಿಸಿ ಹೊತ್ತನ್ನು ಬರೆದಿಡುವುದೇ ಉತ್ತಮವೆಂದು ನಾವು ಹೇಳುವೆವು. ಸ್ಪ್ರಿಂಗನ್ನೂ ಎಣ್ಣೆಯನ್ನೂ ಟಯರನ್ನೂ ಒಟ್ಟಿಗೆ ಬದಲಿಸಿದವನು, ಟ್ರಕ್ಕು ಸುಧಾರಿಸಿದರೂ ಕೆಟ್ಟರೂ ಕಾರಣವನ್ನು ಅರಿಯಲಾರ. ಒಂದು ಬದಲಾವಣೆಯಿಂದ ಲಾಭ ಕಂಡರೆ ಅದನ್ನು ಹಿಂದಕ್ಕೆ ತೆಗೆದು ಮತ್ತೊಮ್ಮೆ ಓಡಿಸಿ ನೋಡಬೇಕು. ಲಾಭ ಮಾಯವಾದರೆ ಮಾತ್ರ ಅದು ನಿಜವಾದ ಲಾಭ. ಚಾಲಕನ ಕೈ ಪಳಗಿದ್ದರಿಂದ ಬಂದ ಲಾಭವನ್ನು ಸ್ಪ್ರಿಂಗಿನ ಲೆಕ್ಕಕ್ಕೆ ಬರೆಯುವುದು ಬಹಳ ಸುಲಭ.

ಮೋಟಾರನ್ನೂ ಆಗಾಗ್ಗೆ ಮುಟ್ಟಿ ನೋಡುತ್ತಿರಬೇಕು. ಸುಮಾರು ೭೦ ಡಿಗ್ರಿ ಸೆಲ್ಸಿಯಸಿಗಿಂತ ಮೇಲೇರಿದರೆ ಮೋಟಾರಿನ ಚಿಕ್ಕ ಹಲ್ಲುಗಾಲಿಯನ್ನು ಒಂದೆರಡು ಹಲ್ಲು ಕಡಿಮೆಯಿರುವುದಕ್ಕೆ ಬದಲಿಸುವುದು ಒಳಿತು. ಅತಿ ಬಿಸಿಯಾದರೆ ಒಳಗಿನ ಅಯಸ್ಕಾಂತಗಳು ತಮ್ಮ ಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುವುವು.

ಬಯಲಿನ ಮಣ್ಣಿನ ದಾರಿಯಾದರೆ ಬೆಳಿಗ್ಗೆ ನೀರು ಚಿಮುಕಿಸಿದಾಗ ಒಂದು ನೆಲ, ಮಧ್ಯಾಹ್ನ ಒಣಗಿ ಧೂಳೆದ್ದಾಗ ಇನ್ನೊಂದು ನೆಲ. ಅಂಥ ದಿನ ಮೊದಲು ಬದಲಿಸತಕ್ಕದ್ದು ಟಯರು. ಒಣ ನೆಲಕ್ಕೆ ಮುಳ್ಳು ಉದ್ದವಾಗಿರುವುದು, ಹೊಳಪೇರಿದ ಗಟ್ಟಿ ನೆಲಕ್ಕೆ ಮುಳ್ಳು ಗಿಡ್ಡಾಗಿ ರಬ್ಬರು ಮೆತ್ತಗಿರುವುದು. ಅದರಿಂದ ಸಾಲದಿದ್ದರೆ ನೆಲದಿಂದ ಎತ್ತರವನ್ನು ಒಂದೆರಡು ಮಿಲಿಮೀಟರು ಹೆಚ್ಚು ಕಡಿಮೆ ಮಾಡುವುದು, ಆಮೇಲೆ ಓಲಾಟ ತಡೆಯುವ ತಂತಿ. ಡಿಫರೆನ್ಷಿಯಲಿನ ಎಣ್ಣೆಯನ್ನು ಮುಟ್ಟುವುದು ಎಲ್ಲಕ್ಕೂ ಕೊನೆಗೆ. ಅದಕ್ಕೆ ಟ್ರಕ್ಕಿನ ಹೊಟ್ಟೆಯನ್ನೇ ಬಿಚ್ಚಬೇಕಾಗುವುದು, ಎರಡು ಓಟಗಳ ನಡುವಣ ಬಿಡುವಿನಲ್ಲಿ ಅಷ್ಟು ಹೊತ್ತು ಸಿಕ್ಕುವುದು ಅಪರೂಪ.